ಹಾಜರಿ ಪುಸ್ತಕದ ಪಕ್ಕದಲ್ಲೊಂದು ಕ್ಯಾಲೆಂಡರ್

ಪಾಂಡವಪುರ ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಕನ್ನಡ ಪಾಠ ಮಾಡುತ್ತಾ ನನಗೆ 14 ವರ್ಷವಾಯಿತು. ಮಕ್ಕಳು ಶಾಲೆ ಬಿಡುವುದು ಬಡತನದಿಂದ ಎಂದೇ ಬಹಳ ಕಾಲ ನಂಬಿದ್ದೆ. ಹಾಗೆ ನಂಬಿದರೆ ಮೇಷ್ಟ್ರು ಮಾಡಬೇಕಾದದ್ದು ಏನೂ ಉಳಿಯುವುದಿಲ್ಲ.

ಒಂಬತ್ತನೇ ತರಗತಿಯ ಒಬ್ಬ ಹುಡುಗ ವಾರಕ್ಕೆ ಒಂದೆರಡು ದಿನ ತಪ್ಪಿಸಿಕೊಳ್ಳುತ್ತಿದ್ದ. ಜ್ವರ, ಹೊಟ್ಟೆನೋವು, ಅಜ್ಜಿಗೆ ಹುಷಾರಿಲ್ಲ, ಹೀಗೆ ದಿನಕ್ಕೊಂದು ನೆಪ. ಒಂದು ಸಂಜೆ ಹಾಜರಿ ಪುಸ್ತಕವನ್ನು ಗೋಡೆಯ ಕ್ಯಾಲೆಂಡರಿನ ಪಕ್ಕ ಹಿಡಿದು ನೋಡಿದೆ. ಅವನು ಬಾರದ ದಿನಗಳೆಲ್ಲ ಮದುವೆ ಮುಹೂರ್ತದ ದಿನಗಳು. ಮೈಸೂರಿನ ಛತ್ರಗಳಿಗೆ ಬಡಿಸಲು ಹೋಗುತ್ತಿದ್ದ. ದಿನಕ್ಕೆ 500 ರೂಪಾಯಿ.

ಮನೆಗೆ ಹೋದೆ. ತಾಯಿ ಆಗತಾನೇ ಡೇರಿಗೆ ಹಾಲು ಹಾಕಿ ಬಂದಿದ್ದರು. ಕೊಟ್ಟಿಗೆಯಲ್ಲಿ ಎರಡು ಹಸು, ಹಿಂದೆ ಒಂದಷ್ಟು ಕಬ್ಬು. ‘ನಾವು ಕಳಿಸುತ್ತಿಲ್ಲ ಮೇಷ್ಟ್ರೇ, ಅವನೇ ಹೋಗುತ್ತಾನೆ. ಶಾಲೆ ಎಂದರೆ ಮುಖ ಸಣ್ಣದು ಮಾಡಿಕೊಳ್ಳುತ್ತಾನೆ’ ಎಂದರು. ಅನುಕೂಲಸ್ಥರಲ್ಲ, ಆದರೆ ಅವನ ದುಡಿಮೆಗೆ ಕಾದು ಕೂತ ಮನೆಯೂ ಅದಲ್ಲ.

ಅವನ ಅಕ್ಷರ ಮುತ್ತು ಪೋಣಿಸಿದಂತಿತ್ತು. ಬೋರ್ಡಿನಲ್ಲಿದ್ದುದನ್ನು ಒಂದು ಗೆರೆ ತಪ್ಪದೆ ಇಳಿಸುತ್ತಿದ್ದ. ಮರುದಿನ ಒಬ್ಬನನ್ನೇ ಕೂರಿಸಿಕೊಂಡು, ಅವನೇ ಬರೆದ ಸಾಲನ್ನು ಓದಿಸಿದೆ. ‘ರಾಷ್ಟ್ರ’ದ ಮೇಲೆ ಬೆರಳು ನಿಂತಿತು. ‘ರಾಷ’ ಎಂದ, ಮತ್ತೆ ‘ರಾಷ’ ಎಂದ. ಕಿವಿ ಕೆಂಪಾಯಿತು. ‘ನೀರು ಕುಡಿದು ಬರುತ್ತೇನೆ ಸಾರ್’ ಎಂದು ಎದ್ದ. ಗಟ್ಟಿಯಾಗಿ ಓದುವ ಸರದಿ ಬಂದಾಗಲೆಲ್ಲ ಅವನಿಗೆ ಬಾಯಾರಿಕೆ ಆಗುತ್ತಿದ್ದುದು ಆಗ ನನಗೆ ಹೊಳೆಯಿತು. ಛತ್ರದಲ್ಲಿ ಇಡೀ ಪಂಕ್ತಿಗೆ ಒಬ್ಬನೇ ಸಾರು ಬಡಿಸಿ ಶಭಾಷ್ ಎನ್ನಿಸಿಕೊಳ್ಳುತ್ತಿದ್ದವನು, ನಮ್ಮಲ್ಲಿ ಒಂದು ಒತ್ತಕ್ಷರಕ್ಕೆ ಹೆದರಿ ಹಿಂದಿನ ಬೆಂಚಿನಲ್ಲಿ ಅಡಗುತ್ತಿದ್ದ.

2009ರ ಶಿಕ್ಷಣ ಹಕ್ಕು ಕಾಯ್ದೆಯ ಆಸರೆ ಇರುವುದು 6ರಿಂದ 14 ವರ್ಷದವರಿಗೆ. ಎಂಟನೇ ತರಗತಿ ಮುಗಿಯುವ ಹೊತ್ತಿಗೆ ಅದು ತೀರುತ್ತದೆ. ಅಲ್ಲಿಯವರೆಗೆ ತಳ್ಳಿಕೊಂಡು ಬಂದ ಹುಡುಗನನ್ನು ಒಂಬತ್ತರಲ್ಲಿ ನಾವು ತಡೆದು ನಿಲ್ಲಿಸುತ್ತೇವೆ. ಎಸ್ಸೆಸ್ಸೆಲ್ಸಿ ಫಲಿತಾಂಶ ಕೆಡಬಾರದೆಂದು ನಾನಿದ್ದ ಶಾಲೆಯಲ್ಲಿ ಒಂದು ವರ್ಷ ಮೂವರನ್ನು ಹಾಗೆ ಒಂಬತ್ತರಲ್ಲೇ ಉಳಿಸಿದೆವು. ಜೂನ್‌ನಲ್ಲಿ ಒಬ್ಬನೂ ಮರಳಲಿಲ್ಲ. ಆ ಪಟ್ಟಿಗೆ ನನ್ನ ಸಹಿಯೂ ಇತ್ತು. ಅದು ತಪ್ಪು, ಈಗಲೂ ನೆನೆದರೆ ಸಂಕಟವಾಗುತ್ತದೆ.

ಮೊದಲು ನಾನು ಬಿಟ್ಟದ್ದು, ತರಗತಿಯ ಎದುರು ‘ನಿನ್ನೆ ಯಾಕೆ ಬರಲಿಲ್ಲ’ ಎಂದು ಕೇಳುವುದನ್ನು. ಬಳಿಕ ಪ್ರಾರ್ಥನೆಗೆ ಮುಂಚಿನ 40 ನಿಮಿಷ, ಓದಲು ಬಾರದ ಆರು ಮಕ್ಕಳನ್ನು ಪ್ರಯೋಗಾಲಯದ ಕೋಣೆಯಲ್ಲಿ ಕೂರಿಸಿಕೊಂಡೆ. ಹದಿನಾಲ್ಕರ ಹುಡುಗನ ಕೈಗೆ ಒಂದನೇ ತರಗತಿಯ ಪುಸ್ತಕ ಕೊಟ್ಟರೆ ಅವಮಾನವಾಗುತ್ತದೆ. ಗೊಬ್ಬರದ ಚೀಲ, ಬಸ್ಸಿನ ಬೋರ್ಡು, ಕೊನೆಗೆ ಆ ಹುಡುಗನೇ ಛತ್ರದಿಂದ ತಂದ ಲಗ್ನಪತ್ರಿಕೆಗಳು ನಮ್ಮ ಪಠ್ಯವಾದವು. ಲಗ್ನ, ಮುಹೂರ್ತ, ಕಲ್ಯಾಣ, ಆರತಕ್ಷತೆ: ಒತ್ತಕ್ಷರ ಕಲಿಸಲು ಇದಕ್ಕಿಂತ ಒಳ್ಳೆಯ ಸಾಮಗ್ರಿ ನನಗೆ ಸಿಕ್ಕಿಲ್ಲ. ಯಾವ ಪದ ಎಲ್ಲಿದೆ ಎಂದು ಅವನೇ ಉಳಿದವರಿಗೆ ತೋರಿಸುತ್ತಿದ್ದ. ಡಿಸೆಂಬರ್ ಹೊತ್ತಿಗೆ ಮುಹೂರ್ತದ ದಿನಗಳಲ್ಲೂ ಶಾಲೆಯಲ್ಲಿರುತ್ತಿದ್ದ. ಭಾನುವಾರದ ಮದುವೆಗಳಿಗೆ ಮಾತ್ರ ಹೋಗಲಿ ಎಂದು ತಾಯಿಯೊಂದಿಗೆ ಮಾತಾಗಿತ್ತು.

ಹೆಣ್ಣುಮಕ್ಕಳ ಕಥೆ ಬೇರೆ. ಸಂಜೆಯ ವಿಶೇಷ ತರಗತಿ ಮುಗಿಸಿ ನಾಲೆಯ ಏರಿಯ ಮೇಲೆ ಕತ್ತಲಲ್ಲಿ ನಡೆಯಬೇಕಿದ್ದ ಒಬ್ಬಳನ್ನು ಮನೆಯವರು ಬಿಡಿಸಲು ಹೊರಟಿದ್ದರು. ತರಗತಿಯನ್ನು ಬೆಳಿಗ್ಗೆಗೆ ಬದಲಾಯಿಸಿದೆವು, ಅವಳು ಉಳಿದಳು. ಕಾರಣವನ್ನು ಮನೆಗೇ ಹೋಗಿ ಕೇಳಬೇಕು. ಫೋನಿನಲ್ಲಿ ಎಲ್ಲರೂ ‘ನಾಳೆ ಕಳಿಸುತ್ತೇವೆ’ ಎನ್ನುತ್ತಾರೆ.

ಆ ಆರು ಮಂದಿಯಲ್ಲಿ ಒಬ್ಬನನ್ನು ಕಳೆದುಕೊಂಡೆ. ಮೂರು ದಿನ ಬಾರದಿದ್ದರೆ ಮನೆಗೆ ಹೋಗುವುದೆಂದು ನಾನೇ ಮಾಡಿಕೊಂಡ ನಿಯಮವನ್ನು, ಪರೀಕ್ಷೆಯ ಗಡಿಬಿಡಿಯಲ್ಲಿ ನಾನೇ ಮುರಿದೆ. ಐದನೇ ವಾರ ಹುಡುಕಿಕೊಂಡು ಹೋದಾಗ ಆಲೆಮನೆಯಲ್ಲಿ ಒಲೆಗೆ ಕಬ್ಬಿನ ಸಿಪ್ಪೆ ತುಂಬುತ್ತಿದ್ದ. ಖಾಸಗಿ ಅಭ್ಯರ್ಥಿಯಾಗಿ ಪರೀಕ್ಷೆ ಬರೆಯಬಹುದು ಎಂದು ಹೇಳಿದೆ. ಮಾತನಾಡಲಿಲ್ಲ. ನಾನು ಹೊರಟಾಗ, ‘ಭಾನುವಾರ ಶಾಲೆಯಲ್ಲಿ ಇರುತ್ತೀರಾ ಸಾರ್?’ ಎಂದ. ಎರಡು ಭಾನುವಾರ ಹೋಗಿ ಕೂತಿದ್ದೇನೆ, ಈ ವಾರವೂ ಹೋಗುತ್ತೇನೆ.