ಸುರಂಗದೊಳಗೆ ಸರ್ಪೆಂಟಿಸ್: ನಾನು ಆಡಿಸಿದ್ದು ಹೀಗೆ

ಕಾಸರಗೋಡಿನಲ್ಲಿ ಮೇಜಿನ ಸುತ್ತ ಕೂತು, ಒಬ್ಬ ಕಥೆ ಹೇಳಿ ಉಳಿದವರು ಪಾತ್ರಗಳಾಗಿ ದಾಳ ಹಾಕಿ ಆಡುವ ಆಟದಲ್ಲಿ ಹಾವಿನ ಶಕ್ತಿ ಇರುವ ವ್ಯಾಂಪೈರ್ ಕಥೆ ಆಡಿಸಬೇಕಾದರೆ ಒಂದು ವಿಷಯ ಮೊದಲೇ ತೀರ್ಮಾನ ಆಗಬೇಕು. ನಾಗನನ್ನು ಇದರೊಳಗೆ ಎಳೆಯಬಾರದು. ನಮ್ಮ ಗುಂಪಿನಲ್ಲಿ ಹೆಚ್ಚಿನವರ ಮನೆ ಹಿಂದೆ ನಾಗಬನ ಇದೆ. ಪಂಚಮಿಗೆ ತನು ಎರೆದು ಬಂದು, ಸಂಜೆ ದಾಳ ಹಿಡಿದು ಅದೇ ನಾಗನನ್ನು ವಿಲನ್ ಮಾಡಿ ಅಂದರೆ ಯಾರಿಗೂ ಆಟ ರುಚಿಸುವುದಿಲ್ಲ. ನನಗೂ ಇಷ್ಟ ಇಲ್ಲ.

ಅದಕ್ಕೇ ವ್ಯಾಂಪೈರ್: ದಿ ಮಾಸ್ಕರೇಡ್ ಆಟದಲ್ಲಿ ಇರುವಂತೆಯೇ ಸೆಟ್ ಪಂಥದವರನ್ನು, ಅಂದರೆ ಸೆಟ್ ದೇವರನ್ನು ನಂಬುವ ವ್ಯಾಂಪೈರ್ ಕುಲವನ್ನು, ಈಜಿಪ್ಟಿನವರಾಗಿಯೇ ಉಳಿಸಿಕೊಂಡೆ. ಹಳೇ ಕಾಲದಲ್ಲಿ ಹಡಗಿನಲ್ಲಿ ಬಂದು ಇಲ್ಲಿ ಉಳಿದುಬಿಟ್ಟವರು, ಅಷ್ಟೇ. ಇದರಲ್ಲಿ ಒಂದು ತಮಾಷೆ ಇದೆ. ಈಜಿಪ್ಟಿನ ಪುರಾಣದಲ್ಲಿ ಸೆಟ್ ದೇವರು ಸೂರ್ಯನ ದೋಣಿಯ ಮುಂದೆ ನಿಂತು ಅಪೆಪ್ ಅನ್ನೋ ಮಹಾಸರ್ಪವನ್ನು ಈಟಿಯಿಂದ ಚುಚ್ಚುವವನು. ಆಟ ಬರೆದವರು ಅವನನ್ನೇ ಹಾವಿನ ಕಡೆಗೆ ಸೇರಿಸಿಬಿಟ್ಟರು. ಇರಲಿ, ಕಥೆಗೆ ಒಳ್ಳೆಯದೇ ಆಯಿತು.

ನಾವು ಆಡುವುದು 2011ರ 20ನೇ ವಾರ್ಷಿಕೋತ್ಸವದ ಆವೃತ್ತಿ. 2018ರ 5ನೇ ಆವೃತ್ತಿಯಲ್ಲಿ ಸರ್ಪೆಂಟಿಸ್, ಅಂದರೆ ಈ ಪಂಥದವರ ಹಾವಿನ ಶಕ್ತಿ, ಪ್ರತ್ಯೇಕವಾಗಿ ಉಳಿದಿಲ್ಲ, ಬೇರೆ ಶಕ್ತಿಗಳೊಳಗೆ ಕರಗಿಹೋಗಿದೆ. ನನಗೆ ಹಳೆಯದೇ ಸರಿ. ಐದು ಮೆಟ್ಟಿಲು, ಒಂದೊಂದಕ್ಕೂ ಒಂದು ಗುಣ.

ಆದರೆ ಪುಸ್ತಕದಲ್ಲಿ ಇದ್ದ ಹಾಗೇ ಓದಿ ಹೇಳಿದರೆ ಈ ಶಕ್ತಿಗಳು ಸಪ್ಪೆ. ನಾನು ಮಾಡಿದ್ದು ಏನೆಂದರೆ, ಪ್ರತಿ ಶಕ್ತಿಗೂ ನಿಜವಾದ ಹಾವಿನ ಒಂದು ಗುಣ ಜೋಡಿಸಿದೆ, ಆಮೇಲೆ ಆ ಗುಣದಿಂದಲೇ ಒಂದು ತೊಂದರೆ ಹುಟ್ಟಿಸಿದೆ.

ಮೊದಲನೆಯದು ಕಣ್ಣು. ನೋಟ ತಾಗಿದ ಮನುಷ್ಯ ಅಲ್ಲಾಡದೆ ನಿಂತುಬಿಡುತ್ತಾನೆ. ಮನುಷ್ಯರ ಮೇಲೆ ದಾಳ ಹಾಕುವ ಕೆಲಸವೂ ಇಲ್ಲ. ಇದು ಅಗ್ಗ ಆಯಿತು ಅಲ್ವಾ? ಹಾವಿಗೆ ಕಣ್ಣುರೆಪ್ಪೆ ಇಲ್ಲ, ಕಣ್ಣಿನ ಮೇಲೆ ಪಾರದರ್ಶಕವಾದ ಒಂದು ಪೊರೆ ಮಾತ್ರ. ಅದನ್ನು ಹಿಡಿದುಕೊಂಡು ನಾನೊಂದು ಕಾನೂನು ಮಾಡಿದೆ: ದೃಷ್ಟಿ ನೆಟ್ಟಿರುವಷ್ಟು ಹೊತ್ತು ನಿನಗೂ ಬೇರೇನೂ ಕಾಣುವುದಿಲ್ಲ. ಕಥೆಯೊಳಗೆ ಪೆರ್ಲ ರಸ್ತೆಯಲ್ಲಿ ಒಬ್ಬ ರಿಕ್ಷಾದವನನ್ನು ಹೀಗೆ ಹಿಡಿದು ನಿಲ್ಲಿಸಿದ್ದ, ಸೆಟ್ ಪಂಥದ ಪಾತ್ರ ಆಡುತ್ತಿದ್ದ ಹುಡುಗಿಗೆ ನಾನು, "ಹಿಂದೆ ಯಾರೋ ಬ್ರೇಕ್ ಹಾಕಿದ ಸದ್ದು" ಅಂದೆ.

"ಯಾರು ಅಂತ ನೋಡ್ತೇನೆ."

"ತಿರುಗಿದರೆ ಇವನು ಓಡ್ತಾನೆ."

"ಎಂತ ಮಾರಾಯ ನೀನು!" ಅಂತ ಬೈದು ಅರ್ಧ ನಿಮಿಷ ಯೋಚನೆ ಮಾಡಿದಳು. ಆ ಅರ್ಧ ನಿಮಿಷ ಮೇಜಿನ ಸುತ್ತ ಯಾರೂ ಮೊಬೈಲ್ ಮುಟ್ಟಲಿಲ್ಲ. ನನಗೆ ಬೇಕಿದ್ದದ್ದು ಅದೇ.

ನಾಲಿಗೆ ಬಗ್ಗೆ ಜಾಸ್ತಿ ಹೇಳುವುದಕ್ಕಿಲ್ಲ. ಸೀಳು ನಾಲಿಗೆ, ಅದರಿಂದ ಆಗುವ ಗಾಯ ಬೇಗ ಮಾಯುವುದಿಲ್ಲ, ಕತ್ತಲಲ್ಲಿ ದಾರಿ ತಿಳಿಯುವುದಕ್ಕೂ ಆಗುತ್ತದೆ. ನಾನು ಕತ್ತಲಿನಲ್ಲಿ ನೋಟದ ವಿವರಣೆಯನ್ನೇ ಬಿಟ್ಟು ಬರೀ ವಾಸನೆ ಹೇಳುತ್ತೇನೆ. ಒದ್ದೆ ಮಣ್ಣು, ಬಾವಲಿ ಹಿಕ್ಕೆ, ಬೀಡಿ.

ಒದ್ದೆ ಮಣ್ಣು ಯಾಕೆ ಅಂದರೆ ಆ ಹುಡುಗಿಯ ಪಾತ್ರದ ಅಡಗುತಾಣ ಇರುವುದು ಬಾಯಾರು ಕಡೆಯ ಒಂದು ಸುರಂಗದಲ್ಲಿ. ನೋಡದವರಿಗೆ ಹೇಳುವುದಾದರೆ, ಇದು ನಮ್ಮ ಕಡೆ ನೀರಿಗಾಗಿ ಮುರಕಲ್ಲಿನ ಗುಡ್ಡಕ್ಕೆ ಅಡ್ಡವಾಗಿ ಕೊರೆದ ಗುಹೆ. ಒಬ್ಬ ಬಗ್ಗಿ ನಡೆಯುವಷ್ಟು ಅಗಲ, ಒಳಗಿಂದ ನೀರು ಒಸರಿ ಹೊರಗಿನ ಟಾಂಕಿಗೆ ಹರಿಯುತ್ತದೆ. ಸೆಟ್ ಪಂಥದವರಿಗೆ ಬಿಸಿಲು ಬೇರೆ ವ್ಯಾಂಪೈರ್‌ಗಳಿಗಿಂತಲೂ ಜಾಸ್ತಿ ಸುಡುತ್ತದೆ, ಜೋರು ಬೆಳಕಿಗೇ ಕಷ್ಟ ಪಡುತ್ತಾರೆ. ಅವರಿಗೆ ಇದಕ್ಕಿಂತ ಒಳ್ಳೆ ಮನೆ ಎಲ್ಲಿ ಸಿಗಬೇಕು? ಮೂರನೇ ಶಕ್ತಿಯೂ ಇಲ್ಲಿ ಸರಿಯಾಗಿ ಕೂತಿತು. ಮೈ ಚಿಪ್ಪುಚಿಪ್ಪಾಗುತ್ತದೆ, ಮುಖ ನೋಡುವ ಹಾಗಿರುವುದಿಲ್ಲ, ಆದರೆ ತಲೆ ತೂರುವಷ್ಟು ಸಂದಿ ಇದ್ದರೆ ಇಡೀ ದೇಹ ತೂರುತ್ತದೆ. ಮಣ್ಣು ಕುಸಿದು ಮುಕ್ಕಾಲು ಮುಚ್ಚಿದ ಕವಲಿನೊಳಗೆ ಅವಳು ಮಾತ್ರ ಹೋಗಬಲ್ಲಳು. ಗುಂಪಿನ ಉಳಿದವರು ಹೊರಗೆ ನಿಂತು ಕಾಯಬೇಕು.

ನಾಲ್ಕನೆಯದು ದೊಡ್ಡ ಕರಿ ನಾಗರವಾಗುವುದು. ಹತ್ತು ಅಡಿಗಿಂತ ಉದ್ದ. ಎಲ್ಲರೂ ಇದಕ್ಕೇ ಕಾಯುತ್ತಾರೆ, ಆದರೆ ಪುಸ್ತಕದ ಒಂದು ಸಾಲು ಯಾರೂ ಓದುವುದಿಲ್ಲ: ತೂಕ ಮನುಷ್ಯನದ್ದೇ ಉಳಿಯುತ್ತದೆ. ಮನುಷ್ಯನ ತೂಕದ ಹಾವು ಹಳೇ ಹಂಚಿನ ಮಾಡಿನ ಮೇಲೆ ಹರಿದರೆ ಏನಾಗಬೇಕೋ ಅದೇ ಆಯಿತು. ಹಂಚು, ಪಕ್ಕಾಸು, ಹಾವು ಎಲ್ಲ ಸೇರಿ ಕೆಳಗೆ ಊಟಕ್ಕೆ ಕೂತವರ ನಡುವೆ ಬಿತ್ತು. ಮೇಲಾಗಿ, ಬದಲಾಗುವುದಕ್ಕೆ ಆಟದ ಮೂರು ಸುತ್ತು ಬೇಕು, ಆಮೇಲೆ ಕೈ ಇಲ್ಲ. ಚಿಲಕ ತೆಗೆಯುವುದಕ್ಕೂ ಆಗುವುದಿಲ್ಲ.

ಐದನೆಯದೇ ನನಗೆ ಬಹಳ ಇಷ್ಟ. ಅಮಾವಾಸ್ಯೆ ರಾತ್ರಿ ತನ್ನ ಹೃದಯವನ್ನು ತಾನೇ ತೆಗೆದು ಮಣ್ಣಿನ ಮಡಕೆಯಲ್ಲಿ ಅಡಗಿಸಿಡುವುದು. ಅಮಾವಾಸ್ಯೆ ಅನ್ನೋದು ಮೂಲ ನಿಯಮದಲ್ಲೇ ಇದೆ, ನಾನು ಸೇರಿಸಿದ್ದಲ್ಲ. ಆಮೇಲೆ ಎದೆಗೆ ಮರದ ಗೂಟ ಹೊಡೆದರೂ ಏನೂ ಆಗುವುದಿಲ್ಲ, ಸಿಟ್ಟು ನೆತ್ತಿಗೇರುವುದೂ ಕಡಿಮೆ. ಹೆದರಿಕೆ ಒಂದೇ, ಮಡಕೆ ಬೇರೆಯವರ ಕೈಗೆ ಸಿಗಬಾರದು. ಅವಳು ಮಡಕೆಯನ್ನು ಸುರಂಗದ ತುದಿಯಲ್ಲೇ ಹುಗಿದಳು. ಸರಿ, ಹುಗಿಯಲಿ ಅಂತ ಸುಮ್ನೆ ಕೂತೆ. ಕಥೆಯಲ್ಲಿ ಏಪ್ರಿಲ್ ಬಂತು, ನೀರು ಸಣ್ಣಗಾಯಿತು. ನೀರು ಸಣ್ಣಗಾದರೆ ತೋಟದವರು ಏನು ಮಾಡುತ್ತಾರೆ? ಆಳು ಕರೆದು ಒಳಗೆ ತುಂಬಿದ ಕೆಸರು ತೆಗೆಸುತ್ತಾರೆ. ಪಿಕ್ಕಾಸು, ಬುಟ್ಟಿ, ಹೆಡ್‌ಲೈಟ್ ಹಿಡಿದು ಇಬ್ಬರು ಹಾಡುಹಗಲಲ್ಲಿ ಒಳಗೆ ಹೊರಟರು. ಅವಳು ಅಲ್ಲೇ ಮಲಗಿದ್ದಾಳೆ, ಏಳುವ ಹಾಗಿಲ್ಲ. ಬೇಟೆಗಾರರು, ಪಾದ್ರಿಗಳು, ಶತ್ರು ವ್ಯಾಂಪೈರ್‌ಗಳು ಯಾರೂ ಅವಳನ್ನು ಅಷ್ಟು ಹೆದರಿಸಿರಲಿಲ್ಲ. ಕೂಲಿಗೆ ಬಂದ ಆ ಇಬ್ಬರು ಹೆದರಿಸಿದರು.

ಇದಲ್ಲದೆ ಒಂದು ಶಕ್ತಿಯನ್ನು ನಾನೇ ಸೇರಿಸಿದ್ದೇನೆ, ಪೊರೆ ಬಿಡುವುದು. ಮೂರನೇ ಮೆಟ್ಟಿಲು ದಾಟಿದವರಿಗೆ ಮಾತ್ರ. ಪಾತ್ರದ ಮೈಯಲ್ಲಿರುವ ರಕ್ತದ ಲೆಕ್ಕದಲ್ಲಿ ಎರಡು ಅಂಕ ಕಳೆದರೆ ಯಾರ ಹಿಡಿತದಿಂದಲೂ, ಹಗ್ಗದಿಂದಲೂ ಜಾರಿಕೊಳ್ಳಬಹುದು. ಆದರೆ ಪೊರೆ ಬಿಡುವ ಮುಂಚೆ ಹಾವಿನ ಕಣ್ಣು ಮಂಜಾಗುತ್ತದಲ್ಲ, ಹಾಗೇ ಮುಂದಿನ ದೃಶ್ಯ ಮುಗಿಯುವ ತನಕ ನೋಡುವ ದಾಳಗಳಿಗೆ ಕಷ್ಟದ ಅಂಕ (ಗೆಲ್ಲಲು ದಾಳದಲ್ಲಿ ಬೀಳಬೇಕಾದ ಅಂಕ) ಎರಡು ಜಾಸ್ತಿ, ಕಣ್ಣಿನ ಶಕ್ತಿ ಬಂದ್. ಬಿಟ್ಟ ಪೊರೆ ಮಾಯ ಆಗುವುದಿಲ್ಲ, ಬೆರಳಚ್ಚು ಸಮೇತ ಅಲ್ಲೇ ಬಿದ್ದಿರುತ್ತದೆ. ಪೋಲೀಸರಿಗೆ ಸಿಕ್ಕಿದರೆ ಅದು ಅವಳ ಹಣೆಬರಹ. ರಕ್ತ ಎರಡು ಜಾಸ್ತಿ ಆಯಿತು ಅಂತ ನಮ್ಮಲ್ಲಿ ಇನ್ನೂ ಜಗಳ ನಡೀತಾ ಇದೆ. ನಿಮ್ಮ ಗುಂಪಿನಲ್ಲಿ ಹೊಡೆದಾಟ ಕಡಿಮೆ ಇದ್ದರೆ ಒಂದಕ್ಕೆ ಇಳಿಸಿ, ಪೊರೆ ಮಾತ್ರ ಬಿಟ್ಟೇ ಹೋಗಬೇಕು.