ರಾಜಮನ್ನಣೆಯ ಕಾಗದ ಬಂದಾಗ: ಬಂಡಾಯದ ರಾಕ್ ಗಾಯಕರಿಗೊಂದು ಕೈಪಿಡಿ

ಮೊದಲು ತಿಳಿದಿರಬೇಕಾದದ್ದು, ಬ್ರಿಟನ್ನಿನ ರಾಜಮನ್ನಣೆಯನ್ನು ಒಪ್ಪುತ್ತೀರಾ ಎಂದು ಕೇಳುವ ಕಾಗದ ಅರಮನೆಯಿಂದ ಬರುವುದಿಲ್ಲ. ಅದು ಬರುವುದು ಬ್ರಿಟನ್ ಸರ್ಕಾರದ ಕ್ಯಾಬಿನೆಟ್ ಆಫೀಸಿನಿಂದ. ಒಕ್ಕಣೆಯ ಸಾರ ಇಷ್ಟೇ: ನಿಮ್ಮ ಹೆಸರನ್ನು ರಾಜರಿಗೆ ಶಿಫಾರಸು ಮಾಡುವ ವಿಚಾರವಿದೆ, ಮಾಡಿದರೆ ಒಪ್ಪಿಕೊಳ್ಳುತ್ತೀರಾ? ಅಂದರೆ ಪದವಿಯನ್ನು ಇನ್ನೂ ಯಾರೂ ಕೊಟ್ಟಿಲ್ಲ, ಕೊಡಬಹುದೇ ಎಂದು ಕೇಳುತ್ತಿದ್ದಾರೆ. ಈ ಹಂತದಲ್ಲಿ ಬೇಡವೆಂದರೆ ಯಾರ ಮುಖಕ್ಕೂ ಹೊಡೆದಂತಾಗುವುದಿಲ್ಲ. ಮನ್ನಣೆ ಪಡೆದವರ ಪಟ್ಟಿ ಅಚ್ಚಾದ ಮೇಲೆ ಬೇಡವೆಂದರೆ ಹೊಡೆದಂತೆಯೇ ಆಗುತ್ತದೆ. ರಾಕ್ ಲೋಕದಲ್ಲಿ ಈ ವಿಷಯಕ್ಕೆ ಆದ ರಂಪಗಳಲ್ಲಿ ಕೆಲವು, ಈ ಎರಡು ಹಂತಗಳ ನಡುವಿನ ವ್ಯತ್ಯಾಸವನ್ನು ಗಮನಿಸದೆ ಆದವು.

ಪಟ್ಟಿ ವರ್ಷಕ್ಕೆ ಎರಡು ಬಾರಿ ಹೊರಬರುತ್ತದೆ, ಹೊಸ ವರ್ಷಕ್ಕೊಂದು, ಜೂನ್ ತಿಂಗಳಲ್ಲಿ ರಾಜರ ಅಧಿಕೃತ ಹುಟ್ಟುಹಬ್ಬಕ್ಕೊಂದು. ಕಾಗದ ಅದಕ್ಕೆ ಕೆಲವು ವಾರ ಮುಂಚೆ ಕೈಸೇರುತ್ತದೆ. ಪ್ರಕಟಣೆಯವರೆಗೆ ಗುಟ್ಟು ಕಾಪಾಡಬೇಕು ಎಂಬ ಷರತ್ತು ಅದರಲ್ಲೇ ಇರುತ್ತದೆ. ಮನೆಯವರಿಗೆ ಹೇಳಿಕೊಂಡರೆ ಸಾಕು. ಬ್ಯಾಂಡಿನ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದರೆ, ಪ್ರಚಾರದ ಏಜೆಂಟನ ಕಿವಿಗೆ ಬಿದ್ದರೆ, ನೀವು ತೀರ್ಮಾನಿಸುವ ಮೊದಲೇ ಪತ್ರಿಕೆಗಳು ನಿಮ್ಮ ಪರವಾಗಿ ತೀರ್ಮಾನಿಸಿಬಿಡುತ್ತವೆ.

ಹೆಸರು ಕೊಟ್ಟವರು ಯಾರು

"ನನ್ನನ್ನು ಪಳಗಿಸಲು ಸರ್ಕಾರ ಹೂಡಿದ ಆಟ" ಎಂದು ಮುಷ್ಟಿ ಬಿಗಿಯುವ ಮುನ್ನ ಹೆಸರು ಹೇಗೆ ಅಲ್ಲಿಗೆ ಹೋಗುತ್ತದೆ ಎಂದು ನೋಡಿ. ಯಾರು ಯಾರನ್ನು ಬೇಕಾದರೂ ಸೂಚಿಸಬಹುದು. ಅರ್ಜಿಯ ಜೊತೆ ಕನಿಷ್ಠ ಎರಡು ಬೆಂಬಲ ಪತ್ರಗಳು ಬೇಕು. ಆಮೇಲೆ ತೆರಿಗೆ ಇಲಾಖೆಯೂ ಸೇರಿದಂತೆ ಹಲವು ಇಲಾಖೆಗಳಲ್ಲಿ ತಪಾಸಣೆ, ಕಲೆ ಮತ್ತು ಮಾಧ್ಯಮಗಳ ಸಮಿತಿ, ಅದರ ಮೇಲೆ ಮುಖ್ಯ ಸಮಿತಿ, ಪ್ರಧಾನಿ, ಕೊನೆಗೆ ರಾಜ. ಇಷ್ಟಕ್ಕೆ ಸಾಮಾನ್ಯವಾಗಿ 12ರಿಂದ 18 ತಿಂಗಳು ಹಿಡಿಯುತ್ತದೆ. ಹಾಗಾಗಿ ಮೊದಲ ಅರ್ಜಿ ಬರೆದವರು ನಿಮ್ಮ ಅಭಿಮಾನಿಯೋ, ನೀವು ಉಚಿತವಾಗಿ ಹಾಡಿಕೊಟ್ಟ ಧರ್ಮಸಂಸ್ಥೆಯೋ ಆಗಿರಬಹುದು.

ರಾಜಕೀಯ ಇರುವುದೇ ಇಲ್ಲ ಎಂದಲ್ಲ. 1965ರಲ್ಲಿ ಲಿವರ್‌ಪೂಲಿನ ಬ್ಯಾಂಡ್ ಬೀಟಲ್ಸ್‌ನ ನಾಲ್ವರಿಗೂ ಎಂಬಿಇ ಎಂಬ ಮನ್ನಣೆ ಬಂದಾಗ ಪ್ರಧಾನಿಯಾಗಿದ್ದವರು ಹೆರಾಲ್ಡ್ ವಿಲ್ಸನ್. ಅವರ ಕ್ಷೇತ್ರ ಹೈಟನ್ ಇದ್ದದ್ದು ಲಿವರ್‌ಪೂಲಿನ ಮಗ್ಗುಲಲ್ಲೇ. ಲೆಕ್ಕಾಚಾರ ಏನಿತ್ತೆಂದು ಊಹಿಸಲು ಪಂಡಿತರು ಬೇಕಿಲ್ಲ. ಆಗ ಸಿಟ್ಟಾದವರು ರಾಕ್ ಅಭಿಮಾನಿಗಳಲ್ಲ. ಹಿಂದೆ ಮನ್ನಣೆ ಪಡೆದಿದ್ದ ಕೆಲವರು "ಈ ಹುಡುಗರ ಸಾಲಿನಲ್ಲಿ ನಾವೇ?" ಎಂದು ತಮ್ಮ ಪದಕಗಳನ್ನೇ ವಾಪಸು ಕಳಿಸಿದರು.

ಹಳೆಯ ಪೊಲೀಸ್ ಕೇಸಿದೆ, ಹಾಗಾಗಿ ಕಾಗದ ತಪ್ಪಾಗಿ ಬಂದಿರಬೇಕು ಎಂದುಕೊಳ್ಳಬೇಡಿ. ಬೀಟಲ್ಸ್‌ನ ಪಾಲ್ ಮೆಕಾರ್ಟ್ನಿ 1980ರಲ್ಲಿ ಗಾಂಜಾ ಸಮೇತ ಟೋಕಿಯೋದಲ್ಲಿ ಇಳಿದು ಒಂಬತ್ತು ದಿನ ಸೆರೆಯಲ್ಲಿದ್ದವರು. 1997ರಲ್ಲಿ ನೈಟ್ ಆದರು, ಅಂದರೆ 'ಸರ್' ಎನಿಸಿಕೊಳ್ಳುವ ಪದವಿ ಪಡೆದರು.

ಕೊಡುತ್ತಿರುವುದು ಯಾವುದು

ಕಾಗದದಲ್ಲಿ ಮನ್ನಣೆಯ ಹೆಸರನ್ನು ಎರಡು ಸಲ ಓದಿ. ಎಲ್ಲವೂ ಒಂದೇ ಅಲ್ಲ, ಬಂಡಾಯದ ಮನಸ್ಸಿಗೆ ಚುಚ್ಚುವ ಜಾಗವೂ ಒಂದೇ ಅಲ್ಲ.

ಎಂಬಿಇ, ಒಬಿಇ, ಸಿಬಿಇ ಈ ಮೂರೂ ಕೆಳಗಿನಿಂದ ಮೇಲಕ್ಕೆ ಒಂದೇ ಏಣಿಯ ಮೆಟ್ಟಿಲುಗಳು. ದೊರೆ ಐದನೇ ಜಾರ್ಜ್ 1917ರಲ್ಲಿ ಸ್ಥಾಪಿಸಿದ ಆರ್ಡರ್ ಆಫ್ ದಿ ಬ್ರಿಟಿಷ್ ಎಂಪೈರ್ ಎಂಬ ಮನ್ನಣೆಯ ಬಳಗದವು. ಕೊನೆಯ ಅಕ್ಷರ 'ಇ' ಎಂಪೈರ್, ಅಂದರೆ ಸಾಮ್ರಾಜ್ಯದ್ದು, ಆ ಆರ್ಡರ್‌ನ ಧ್ಯೇಯವಾಕ್ಯವೂ ದೇವರು ಮತ್ತು ಸಾಮ್ರಾಜ್ಯದ ಹೆಸರಿನಲ್ಲೇ ಇದೆ. ರೆಗೆ ತಾಳಕ್ಕೆ ಕವಿತೆ ಹೇಳುತ್ತಿದ್ದ ಬೆಂಜಮಿನ್ ಝೆಫನಾಯ 2003ರಲ್ಲಿ ಒಬಿಇ ಬೇಡವೆಂದಿದ್ದು ಇದೇ ಕಾರಣಕ್ಕೆ. ಎಂಪೈರ್ ಎಂದೊಡನೆ ಗುಲಾಮಗಿರಿಯೂ ತನ್ನ ಪೂರ್ವಜರು ಪಟ್ಟ ಪಾಡೂ ನೆನಪಾಗುತ್ತವೆ ಎಂದು ಅವರು ಬಹಿರಂಗವಾಗಿಯೇ ಬರೆದರು.

ನೈಟ್ ಬ್ಯಾಚುಲರ್ ಬೇರೆ. ಹೆಸರಿನ ಮೊದಲಿಗೆ 'ಸರ್' ಬರುತ್ತದೆ, ಆದರೆ ಅದು ಯಾವ ಆರ್ಡರ್‌ಗೂ ಸೇರಿದ್ದಲ್ಲ, ಸಾಮ್ರಾಜ್ಯದ ಹೆಸರು ಅದರಲ್ಲಿಲ್ಲ. ಕಂಪ್ಯಾನಿಯನ್ ಆಫ್ ಆನರ್ ಎಂಬ ಇನ್ನೊಂದು ಮನ್ನಣೆಯಲ್ಲಿ ಏಕಕಾಲಕ್ಕೆ 65 ಸದಸ್ಯರಿಗಷ್ಟೇ ಜಾಗ. ಅದರಿಂದ 'ಸರ್' ಬರುವುದಿಲ್ಲ, ಹೆಸರಿನ ಕೊನೆಗೆ ಸಿಎಚ್ ಎಂಬ ಎರಡಕ್ಷರ ಮಾತ್ರ. ಮೆಕಾರ್ಟ್ನಿ, ಎಲ್ಟನ್ ಜಾನ್ ಇಬ್ಬರಿಗೂ ನೈಟ್ ಪದವಿಯ ಎಷ್ಟೋ ವರ್ಷದ ನಂತರ ಅದು ಸಂದಿತು. ಎಂಪೈರ್ ಅಕ್ಷರವೊಂದೇ ನಿಮಗೆ ಗಂಟಲಲ್ಲಿ ಸಿಕ್ಕುವ ಮುಳ್ಳಾಗಿದ್ದರೆ ಈ ವ್ಯತ್ಯಾಸ ಮುಖ್ಯ. ಆದರೆ "ಇದು ಬೇಡ, ಅದು ಕೊಡಿ" ಎಂದು ಆರಿಸಿಕೊಳ್ಳುವ ಅವಕಾಶ ಕಾಗದದಲ್ಲಿ ಇರುವುದಿಲ್ಲ. ಹೌದು, ಇಲ್ಲ, ಎರಡೇ.

ಪೌರತ್ವವನ್ನೂ ನೋಡಿಕೊಳ್ಳಿ. ಐರ್ಲೆಂಡಿನ ಗಾಯಕರಾದ ಬಾಬ್ ಗೆಲ್ಡಾಫ್‌ಗೆ 1986ರಲ್ಲಿ, ಬೊನೊಗೆ 2007ರಲ್ಲಿ ಸಿಕ್ಕಿದ್ದು ಗೌರವ ಕೆಬಿಇ, ಅಂದರೆ ವಿದೇಶಿಯರಿಗೆ ಗೌರವಾರ್ಥ ಕೊಡುವ ನೈಟ್ ದರ್ಜೆ. ಪತ್ರಿಕೆಗಳು ಎಷ್ಟೇ 'ಸರ್ ಬಾಬ್' ಎಂದು ಬರೆದರೂ ನಿಯಮದ ಪ್ರಕಾರ ಅವರು 'ಸರ್' ಅಲ್ಲ.

ಬಂಡಾಯ ಯಾರ ವಿರುದ್ಧ

ತೀರ್ಮಾನದ ತಿರುಳಿರುವುದು ಇಲ್ಲಿ. ರಾಕ್ ಎಂದರೆ ಬಂಡಾಯ, ಬಂಡಾಯವೆಂದರೆ ನಿರಾಕರಣೆ ಎಂಬ ಲೆಕ್ಕ ವೇದಿಕೆಯ ಮೇಲೆ ಚೆಂದ, ಕಾಗದಕ್ಕೆ ಉತ್ತರ ಬರೆಯುವಾಗ ಉಪಯೋಗಕ್ಕೆ ಬರುವುದಿಲ್ಲ. ನಿಮ್ಮ ಹಾಡುಗಳ ಸಾಹಿತ್ಯವನ್ನೆಲ್ಲ ಮೇಜಿನ ಮೇಲೆ ಹರವಿ, ಅವು ಯಾರನ್ನು ಬೈಯುತ್ತಿವೆ ಎಂದು ಗುರುತು ಹಾಕಿ.

ಬೈದದ್ದು ಅಪ್ಪ ಅಮ್ಮನ ಕಾಲದ ಮಡಿವಂತಿಕೆಯನ್ನೋ, ಶಾಲೆಯನ್ನೋ, ಉದ್ದ ಕೂದಲಿಗೆ ಮೂಗು ಮುರಿದ ಸಮಾಜವನ್ನೋ ಆಗಿದ್ದರೆ, ಪದಕಕ್ಕೂ ನಿಮ್ಮ ಹಾಡಿಗೂ ನಿಜವಾದ ಜಗಳವಿಲ್ಲ. ಒಪ್ಪಿಕೊಳ್ಳಿ. ಹತ್ತು ದಿನ ಗೇಲಿ ಮಾಡುತ್ತಾರೆ, ಆಮೇಲೆ ಮರೆಯುತ್ತಾರೆ. ರೇ ಡೇವಿಸ್, ರಾಡ್ ಸ್ಟುವರ್ಟ್, ಬ್ರಯನ್ ಮೇ ಇವರು ನೈಟ್ ಆದದ್ದರಿಂದ ಅವರ ಹಾಡು ಕೇಳುವುದನ್ನು ಯಾರೂ ಬಿಡಲಿಲ್ಲ.

ಬೈದದ್ದು ಒಂದು ಸರ್ಕಾರದ ನಿರ್ದಿಷ್ಟ ನೀತಿಯನ್ನಾದರೆ, ಈಗ ಕುರ್ಚಿಯಲ್ಲಿರುವುದು ಅದೇ ಸರ್ಕಾರವೇ, ಆ ಯುದ್ಧ ಅಥವಾ ಕಾಯ್ದೆ ಇನ್ನೂ ನಡೆಯುತ್ತಿದೆಯೇ ಎಂದು ನೋಡಿ. ನಡೆಯುತ್ತಿದ್ದರೆ ಬೇಡವೆನ್ನುವುದು ಮೇಲು. ಮುಗಿದಿದ್ದರೆ ನಿಮ್ಮಿಷ್ಟ.

ಬೈದದ್ದು ಅರಸೊತ್ತಿಗೆಯನ್ನೇ ಅಥವಾ ಸಾಮ್ರಾಜ್ಯವನ್ನೇ ಆಗಿದ್ದರೆ ಯೋಚಿಸುವುದಕ್ಕೆ ಏನೂ ಉಳಿದಿಲ್ಲ. ಒಪ್ಪಿದ ಮರುದಿನದಿಂದ ಆ ಹಾಡನ್ನು ನೀವು ಹಾಡಲಾರಿರಿ. ಹಾಡಿದರೂ ಜನ ನಗುವುದು ಹಾಡಿಗಲ್ಲ, ನಿಮಗೆ. 'ಒಳಗಿದ್ದುಕೊಂಡೇ ವ್ಯವಸ್ಥೆಯನ್ನು ಬದಲಿಸುತ್ತೇನೆ' ಎಂಬ ಸಮರ್ಥನೆ ಇಲ್ಲಿ ನಡೆಯುವುದಿಲ್ಲ. ಎಂಬಿಇ ಪಡೆದವರಿಗೆ ಯಾವ ಸಭೆಯಲ್ಲೂ ಮತವಿಲ್ಲ, ಯಾವ ಸಮಿತಿಯಲ್ಲೂ ಕುರ್ಚಿಯಿಲ್ಲ.

ನಾಲ್ಕನೆಯ ಬಗೆ ಸ್ವಲ್ಪ ತೊಡಕಿನದು, ರಾಜ್ಯವ್ಯವಸ್ಥೆ ನಿಮ್ಮನ್ನು ನೇರವಾಗಿ ಕೆಣಕಿದ್ದರೆ? 1967ರ ಡ್ರಗ್ಸ್ ಪ್ರಕರಣದಲ್ಲಿ ರೋಲಿಂಗ್ ಸ್ಟೋನ್ಸ್‌ನ ಮಿಕ್ ಜ್ಯಾಗರ್‌ಗೆ ಮೂರು ತಿಂಗಳು, ಕೀತ್ ರಿಚರ್ಡ್ಸ್‌ಗೆ ಒಂದು ವರ್ಷ ಜೈಲೆಂದು ತೀರ್ಪಾಯಿತು. ಮೇಲ್ಮನವಿಯಲ್ಲಿ ಇಬ್ಬರೂ ಪಾರಾದರು. 2002ರಲ್ಲಿ ಜ್ಯಾಗರ್‌ಗೆ ನೈಟ್ ಪದವಿ ಘೋಷಣೆಯಾದಾಗ ರಿಚರ್ಡ್ಸ್ ಕೆಂಡವಾದರು. ತಮ್ಮನ್ನು ಜೈಲಿಗಟ್ಟಲು ಹೆಣಗಿದವರ ಕೈಯಿಂದಲೇ ಪದಕ ಪಡೆಯುವುದೇ ಎಂಬುದು ಅವರ ಆಕ್ಷೇಪ. ಅದು ಈರ್ಷ್ಯೆಯ ಮಾತೆಂದು ತಳ್ಳಿಹಾಕುವವರಿದ್ದಾರೆ. ಆದರೂ ಆ ಪ್ರಶ್ನೆಯಲ್ಲಿ ಹುರುಳಿದೆ, ಬ್ಯಾಂಡಿನಲ್ಲಿರುವವರಿಗೆ ಅದರಲ್ಲೊಂದು ಎಚ್ಚರಿಕೆಯೂ ಇದೆ. ಮನ್ನಣೆ ಬರುವುದು ವ್ಯಕ್ತಿಗೆ, ಬಂಡಾಯದ ಹೆಸರು ಗಳಿಸಿದ್ದು ಗುಂಪು. ಪಿಂಕ್ ಫ್ಲಾಯ್ಡ್‌ನ ಡೇವಿಡ್ ಗಿಲ್ಮರ್‌ಗೆ 2003ರಲ್ಲಿ, ಡ್ರಮ್ಮರ್ ನಿಕ್ ಮೇಸನ್‌ಗೆ 2019ರಲ್ಲಿ ಸಿಬಿಇ ಬಂತು. ಒಂದೇ ಬ್ಯಾಂಡ್, ನಡುವೆ 16 ವರ್ಷ. ಒಬ್ಬರಿಗೆ ಬಂದದ್ದು ಎಲ್ಲರಿಗೂ ಬರುತ್ತದೆಂಬ ಭರವಸೆಯಿಲ್ಲ. ಗುಟ್ಟಿನ ಷರತ್ತು ಇರುವುದರಿಂದ ಕಾಗದ ತೋರಿಸಿ ಸಲಹೆ ಕೇಳುವಂತಿಲ್ಲ. ಹಾಗಾಗಿ ಈ ಮಾತುಕತೆಯನ್ನು ಯಾವುದೇ ಕಾಗದ ಬರುವ ಮುಂಚೆ, ಪ್ರವಾಸದ ಬಸ್ಸಿನಲ್ಲಿ ಹರಟುವಾಗಲೇ ಮುಗಿಸಿಕೊಂಡಿರಬೇಕು.

ಪ್ರಶಸ್ತಿ ಯಾತಕ್ಕೆಂದು ಬರೆದಿದ್ದಾರೆ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಲೆಡ್ ಝೆಪೆಲಿನ್ ಬ್ಯಾಂಡಿನ ಗಿಟಾರ್ ವಾದಕ ಜಿಮ್ಮಿ ಪೇಜ್‌ಗೆ 2005ರಲ್ಲಿ ಒಬಿಇ ಬಂದದ್ದು ಗಿಟಾರಿಗಾಗಿ ಅಲ್ಲ, ಬ್ರೆಜಿಲ್‌ನ ಬೀದಿ ಮಕ್ಕಳಿಗಾಗಿ ಮಾಡಿದ ಕೆಲಸಕ್ಕೆ. ಅಂಥ ಕಡೆ ಪದಕದಿಂದ ಆ ಕೆಲಸಕ್ಕೆ ದೇಣಿಗೆ ಹೆಚ್ಚುವುದಾದರೆ, ಹಾಡಿನ ಬಂಡಾಯವನ್ನು ಅದರ ಜೊತೆ ತಕ್ಕಡಿಗೆ ಹಾಕುವ ಅಗತ್ಯವೇ ಇಲ್ಲ.

ಬೇಡವೆನ್ನುವುದಾದರೆ

ಕೊಟ್ಟ ಗಡುವಿನೊಳಗೆ ಎರಡು ಸಾಲು ಬರೆಯಿರಿ. ಧನ್ಯವಾದ, ನನ್ನ ಹೆಸರನ್ನು ಮುಂದಕ್ಕೆ ಕಳಿಸಬೇಡಿ. ಕಾರಣ ಕೊಡಲೇಬೇಕೆಂದಿಲ್ಲ. ಕೊಡುವುದಾದರೆ ಒಂದೇ ಕಾರಣ ಕೊಡಿ, ಅದು ನಾಳೆ ಪತ್ರಿಕೆಯಲ್ಲಿ ಬಂದರೂ ನೀವು ನಾಚದಂಥದ್ದಾಗಿರಲಿ. ಏಕೆಂದರೆ ನಿರಾಕರಣೆಗಳು ಗುಟ್ಟಾಗಿ ಉಳಿಯುವುದು ಅಷ್ಟಕ್ಕಷ್ಟೆ. 2003ರ ಕೊನೆಯಲ್ಲಿ ನಿರಾಕರಿಸಿದವರ ಪಟ್ಟಿಯೊಂದು ಸೋರಿ ಪತ್ರಿಕೆಯಲ್ಲಿ ಬಂತು. 2012ರಲ್ಲಿ ಮಾಹಿತಿ ಹಕ್ಕಿನ ಅರ್ಜಿಯಿಂದಾಗಿ, 1951ರಿಂದ 1999ರ ನಡುವೆ ಬೇಡವೆಂದು ಆಮೇಲೆ ತೀರಿಕೊಂಡಿದ್ದ 277 ಜನರ ಹೆಸರನ್ನು ಕ್ಯಾಬಿನೆಟ್ ಆಫೀಸೇ ಬಿಡುಗಡೆ ಮಾಡಬೇಕಾಯಿತು.

ಮಾದರಿ ಬೇಕಿದ್ದರೆ ಡೇವಿಡ್ ಬೋವಿಯನ್ನು ನೋಡಿ. 2000ದಲ್ಲಿ ಸಿಬಿಇ, 2003ರಲ್ಲಿ ನೈಟ್ ಪದವಿ, ಎರಡನ್ನೂ ಬೇಡವೆಂದರು. ಕೇಳಿದವರಿಗೆ, ಅಂಥದ್ದನ್ನು ಒಪ್ಪುವ ಇರಾದೆ ತನಗೆಂದೂ ಇಲ್ಲ, ಅದು ಯಾತಕ್ಕೆಂದೇ ಗೊತ್ತಿಲ್ಲ ಎಂದು ಹೇಳಿ ಮುಗಿಸಿದರು. ಭಾಷಣವಿಲ್ಲ, ಒಪ್ಪಿದವರನ್ನು ಹೀಗಳೆಯಲಿಲ್ಲ. ಒಮ್ಮೆ ಬೇಡವೆಂದರೆ ಬಾಗಿಲು ಮುಚ್ಚುವುದಿಲ್ಲ ಎಂಬುದಕ್ಕೂ ಇದೇ ಸಾಕ್ಷಿ. ಮೂರು ವರ್ಷದಲ್ಲಿ ಇನ್ನೂ ದೊಡ್ಡದೇ ಬಂತು.

ತಪ್ಪಾಗುವುದು ನಿರಾಕರಣೆಯನ್ನೇ ಪ್ರಚಾರಕ್ಕೆ ಬಳಸಿದಾಗ. ಹೊಸ ಆಲ್ಬಮ್ ಬರುವ ವಾರದಲ್ಲೇ "ರಾಜನಿಗೆ ಬೇಡ ಎಂದೆ" ಎಂದು ಡಂಗುರ ಸಾರಿದರೆ, ಪದಕವನ್ನು ಎದೆಗೆ ಸಿಕ್ಕಿಸದೆಯೂ ಅದರ ಲಾಭ ಹಿಂಡಿಕೊಂಡಂತಾಯಿತು.

ಒಪ್ಪುವುದಾದರೆ

ಒಪ್ಪಿಗೆಯಲ್ಲಿ ಕಾನೂನಿನ ಹೆಸರನ್ನು ಸರಿಯಾಗಿ ಬರೆಯಿರಿ. ಬೀಟಲ್ಸ್‌ನ ಡ್ರಮ್ಮರ್ ರಿಂಗೊ ಸ್ಟಾರ್ 2018ರಲ್ಲಿ ನೈಟ್ ಆದದ್ದು ರಿಚರ್ಡ್ ಸ್ಟಾರ್ಕಿಯಾಗಿ. ಎಲ್ಟನ್ ಜಾನ್‌ಗೆ ಈ ತಾಪತ್ರಯವಿರಲಿಲ್ಲ, ಅವರು 1972ರಲ್ಲೇ ಕಾನೂನುಬದ್ಧವಾಗಿ ಹೆಸರು ಬದಲಿಸಿಕೊಂಡಿದ್ದರು. ಹಣ ಬರುವುದಿಲ್ಲ. ನೈಟ್ ಆದರೆ ಹೆಂಡತಿ 'ಲೇಡಿ' ಆಗುತ್ತಾರೆ. ಗಾಯಕಿ ಡೇಮ್ (ನೈಟ್‌ಗೆ ಸಮನಾದ ಮಹಿಳೆಯರ ಪದವಿ) ಆದರೆ ಗಂಡನಿಗೆ ಏನೂ ಇಲ್ಲ.

ಪಟ್ಟಿ ಪ್ರಕಟವಾದ ಕೆಲವು ತಿಂಗಳ ಮೇಲೆ ಸಮಾರಂಭ, ಬಕಿಂಗ್‌ಹ್ಯಾಮ್ ಅರಮನೆಯಲ್ಲೋ ವಿಂಡ್ಸರ್ ಕೋಟೆಯಲ್ಲೋ. ಕೊಡುವವರು ರಾಜರೇ ಆಗಬೇಕೆಂದಿಲ್ಲ. ರಿಂಗೊಗೆ ಕೊಟ್ಟವರು ರಾಜಕುಮಾರ ವಿಲಿಯಂ, ಜ್ಯಾಗರ್‌ಗೆ 2003ರ ಡಿಸೆಂಬರಿನಲ್ಲಿ ಕೊಟ್ಟವರು ಆಗಿನ್ನೂ ಯುವರಾಜರಾಗಿದ್ದ ಚಾರ್ಲ್ಸ್. ನೈಟ್ ಆಗುವವರು ಸಣ್ಣ ಪೀಠದ ಮೇಲೆ ಬಲ ಮೊಣಕಾಲೂರಬೇಕು, ಕತ್ತಿಯ ಅಲಗು ಮೊದಲು ಬಲ ಹೆಗಲನ್ನು, ಆಮೇಲೆ ಎಡ ಹೆಗಲನ್ನು ಮುಟ್ಟುತ್ತದೆ. ಸಿನಿಮಾದಲ್ಲಿ ಕೇಳಿದ "ಏಳಿ, ಸರ್" ಎಂಬ ಮಾತು ಅಲ್ಲಿ ಇಲ್ಲ, ಅದಕ್ಕೆ ಕಾಯುತ್ತ ಮೊಣಕಾಲಲ್ಲೇ ಕೂರಬೇಡಿ. ಎಂಬಿಇ, ಒಬಿಇಯವರ ಕೋಟಿಗೆ ಮೊದಲೇ ಒಂದು ಕೊಕ್ಕೆ ಸಿಕ್ಕಿಸಿರುತ್ತಾರೆ, ಪದಕವನ್ನು ಅದಕ್ಕೆ ತಗುಲಿಸುವುದಷ್ಟೇ ಕೆಲಸ. ಎರಡು ಮಾತು, ಒಂದು ಹಸ್ತಲಾಘವ. ಕೈ ಚಾಚಿದರೆಂದರೆ ನಿಮ್ಮ ಸರದಿ ಮುಗಿಯಿತೆಂದು ಅರ್ಥ. ತಲೆಬಾಗುವುದು ರೂಢಿ, ಆದರೆ ರಾಜಮನೆತನದವರ ಮುಂದೆ ಹೀಗೇ ನಡೆದುಕೊಳ್ಳಬೇಕೆಂಬ ಕಡ್ಡಾಯವಿಲ್ಲವೆಂದು ಅರಮನೆಯೇ ಹೇಳುತ್ತದೆ.

ಅರಮನೆಯಲ್ಲಿ ಕಿಡಿಗೇಡಿತನ ಮಾಡಿ ಬಂದೆನೆಂದು ಆಮೇಲೆ ಕೊಚ್ಚಿಕೊಳ್ಳಬೇಡಿ. 1965ರಲ್ಲಿ ಅರಮನೆಯ ಶೌಚಾಲಯದಲ್ಲಿ ಗಾಂಜಾ ಸೇದಿದೆವೆಂದು ಬೀಟಲ್ಸ್‌ನ ಜಾನ್ ಲೆನನ್ ಹೇಳಿದರು. ಅದು ಬರೀ ಸಿಗರೇಟೆಂದು ಅದೇ ಬ್ಯಾಂಡಿನ ಜಾರ್ಜ್ ಹ್ಯಾರಿಸನ್ ಹೇಳಿದರು. ಪದಕ ಒಪ್ಪಿ ಬಂದು ಗೇಲಿ ಮಾಡಿದರೆ, ಒಪ್ಪಿದ ಮರ್ಯಾದೆಯೂ ಇಲ್ಲ, ಬೇಡವೆಂದ ಗತ್ತೂ ಇಲ್ಲ.

ಆಮೇಲೆ ಮನಸ್ಸು ಬದಲಾದರೆ

ಲೆನನ್ ಮಾಡಿದ್ದನ್ನು ನೋಡಿ, ಎಲ್ಲಿ ಎಡವಿದರೆಂದು ತಿಳಿಯುತ್ತದೆ. ಪದಕ ಅವರ ದೊಡ್ಡಮ್ಮ ಮಿಮಿಯ ಮನೆಯಲ್ಲಿತ್ತು. 1969ರ ನವೆಂಬರ್ 25ರಂದು ಅದನ್ನು ಪತ್ರದ ಜೊತೆ ವಾಪಸು ಕಳಿಸಿದರು. ಪತ್ರದಲ್ಲಿ ಮೂರು ಕಾರಣಗಳಿದ್ದವು: ನೈಜೀರಿಯಾ ಮತ್ತು ಅದರಿಂದ ಬೇರೆಯಾಗಲು ಹೊರಟ ಬಯಾಫ್ರಾ ನಡುವಿನ ಯುದ್ಧದಲ್ಲಿ ಬ್ರಿಟನ್ನಿನ ಪಾತ್ರ, ವಿಯೆಟ್ನಾಂನಲ್ಲಿ ಅಮೆರಿಕಕ್ಕೆ ಅದು ಕೊಟ್ಟ ಬೆಂಬಲ, ಮತ್ತು ತನ್ನ ಹೊಸ ಹಾಡು ಚಾರ್ಟಿನಲ್ಲಿ ಕೆಳಗಿಳಿಯುತ್ತಿರುವುದು. ಮೂರನೆಯದು ತಮಾಷೆಗೆ ಸೇರಿಸಿದ್ದು. ಆದರೆ ಹಸಿವಿನಿಂದ ಸಾಯುತ್ತಿದ್ದ ಬಯಾಫ್ರಾದ ಮಕ್ಕಳ ಪಕ್ಕದಲ್ಲಿ ಆ ಸಾಲು ಕುಳಿತಿದ್ದರಿಂದ, ಪ್ರತಿಭಟನೆಯನ್ನು ತೇಲಿಸಿಬಿಡಲು ಬಯಸಿದವರಿಗೆ ಬೇಕಾದ ನೆಪ ಪತ್ರದೊಳಗೇ ಸಿಕ್ಕಿತು. ಹಿಂದಿರುಗಿಸುವುದಾದರೆ ಒಂದೇ ಕಾರಣ ಬರೆಯಿರಿ, ಹಾಸ್ಯವನ್ನು ವೇದಿಕೆಗೆ ಉಳಿಸಿಕೊಳ್ಳಿ.

ಇನ್ನೊಂದು ತೊಡಕು, ಪದಕ ಮರಳಿಸಿದ ಮಾತ್ರಕ್ಕೆ ನೇಮಕ ರದ್ದಾಗುವುದಿಲ್ಲ. ಲೋಹ ವಾಪಸು ಹೋಗುತ್ತದೆ, ದಾಖಲೆಯಲ್ಲಿ ಹೆಸರು ಉಳಿಯುತ್ತದೆ. ಲೆನನ್ ಪದಕ ಅರಮನೆಯ ಕಪಾಟು ಸೇರಿತೇ ವಿನಾ ಅವರ ಎಂಬಿಇ ರದ್ದಾಗಲಿಲ್ಲ. ಅಧಿಕೃತವಾಗಿ ರದ್ದಾಗಬೇಕಾದರೆ ಅದಕ್ಕೆಂದೇ ಇರುವ ಸಮಿತಿ ಶಿಫಾರಸು ಮಾಡಿ, ರಾಜರು ಒಪ್ಪಿ, ಸರ್ಕಾರಿ ಪ್ರಕಟಣೆಯ ಪತ್ರಿಕೆಯಾದ ಲಂಡನ್ ಗೆಜೆಟ್‌ನಲ್ಲಿ ಪ್ರಕಟವಾಗಬೇಕು. ಆ ಸಮಿತಿ ಮುಖ್ಯವಾಗಿ ನೋಡುವುದು ಮೂರು ತಿಂಗಳು ಅಥವಾ ಹೆಚ್ಚಿನ ಜೈಲುಶಿಕ್ಷೆಯಂಥ ಪ್ರಕರಣಗಳನ್ನು. ಆದ್ದರಿಂದ ವಾಪಸು ಕಳಿಸುವ ಪತ್ರದಲ್ಲಿ, ನೇಮಕವನ್ನೂ ರದ್ದು ಮಾಡಬೇಕೆಂದು ಬಯಸುತ್ತೇನೆ, ಇನ್ನು ಮುಂದೆ ಆ ಅಕ್ಷರಗಳನ್ನು ನನ್ನ ಹೆಸರಿನ ಜೊತೆ ಬಳಸುವುದಿಲ್ಲ ಎಂದು ಸ್ಪಷ್ಟವಾಗಿ ಬರೆಯಿರಿ. ಅದರ ಜೊತೆಗೇ ರೆಕಾರ್ಡ್ ಕಂಪನಿ, ಟಿಕೆಟ್ ಮಾರುವವರು, ನಿಮ್ಮ ವೆಬ್‌ಸೈಟ್ ನೋಡಿಕೊಳ್ಳುವವರು ಎಲ್ಲರಿಗೂ ಅದೇ ದಿನ ತಿಳಿಸಿ, ಪೋಸ್ಟರುಗಳಿಂದ ತೆಗೆಸಿ.