ಇಂಗ್ಲೆಂಡಿನ ಬರೋ (borough) ಆರೋಗ್ಯ ವರದಿ: ಅಂಕಿಗೆ ಕೈ ಹಾಕುವ ಮುನ್ನ

1950ರ ಆಸುಪಾಸಿನಲ್ಲಿ ಇಂಗ್ಲೆಂಡಿನ ಒಂದು ಊರಿನ ಆಸ್ಪತ್ರೆ, ಆರೋಗ್ಯ ಸೇವೆ ಹೇಗಿತ್ತೆಂದು ತಿಳಿಯಲು ನಾನು ಮೊದಲು ತೆರೆಯುವುದು ಆ ಊರಿನ ಆರೋಗ್ಯಾಧಿಕಾರಿ, ಅಂದರೆ 'ಮೆಡಿಕಲ್ ಆಫೀಸರ್ ಆಫ್ ಹೆಲ್ತ್', ಸ್ಥಳೀಯ ಕೌನ್ಸಿಲ್‌ಗೆ ಒಪ್ಪಿಸುತ್ತಿದ್ದ ವಾರ್ಷಿಕ ವರದಿ. 1848ರಿಂದ 1972ರವರೆಗಿನ ಲಂಡನ್ ಪ್ರದೇಶದ ಸುಮಾರು 5,500 ವರದಿಗಳು ಲಂಡನ್ನಿನ ವೆಲ್ಕಮ್ ಕಲೆಕ್ಷನ್ ಗ್ರಂಥಾಲಯದ ಜಾಲತಾಣದಲ್ಲಿವೆ. ಬೇರೆ ಊರುಗಳವೂ ಅಲ್ಲಿ ಸಿಗುತ್ತವೆ. ಈ ಅಧಿಕಾರಿಯನ್ನು ನಮ್ಮ ಜಿಲ್ಲಾ ಆರೋಗ್ಯಾಧಿಕಾರಿಯಂಥವರೆಂದು ಅಂದುಕೊಂಡು ಓದಲು ಕೂತರೆ ಮೊದಲ ಪುಟದಲ್ಲೇ ಎಡವುತ್ತೀರಿ. 1948ರ ಜುಲೈ 5ರಂದು ರಾಷ್ಟ್ರೀಯ ಆರೋಗ್ಯ ಸೇವೆ ಶುರುವಾದ ಮೇಲೆ ಅವರ ಕೈಯಲ್ಲಿ ಆಸ್ಪತ್ರೆಗಳೇ ಉಳಿಯಲಿಲ್ಲ.

ಹಾಗಾಗಿ ಮೊದಲು ನೋಡಬೇಕಾದ್ದು ಅಂಕಿಯನ್ನಲ್ಲ, ಬರೋ (ಸ್ವಂತ ಕೌನ್ಸಿಲ್ ಇರುವ ಪಟ್ಟಣ) ಯಾವ ಬಗೆಯದು ಎಂಬುದನ್ನು. 1948ರಲ್ಲಿ ಕೆಲಸ ಮೂರು ಪಾಲಾಯಿತು. ಆಸ್ಪತ್ರೆಗಳು ರೀಜನಲ್ ಹಾಸ್ಪಿಟಲ್ ಬೋರ್ಡಿಗೆ, ಅದರ ಕೆಳಗಿನ ಮ್ಯಾನೇಜ್‌ಮೆಂಟ್ ಕಮಿಟಿಗೆ ಹೋದವು. ಊರಿನ ಡಾಕ್ಟರು, ದಂತವೈದ್ಯರು ಎಕ್ಸಿಕ್ಯುಟಿವ್ ಕೌನ್ಸಿಲ್‌ಗೆ ಸೇರಿದರು. ಮಿಡ್‌ವೈಫ್, ಹೆಲ್ತ್ ವಿಸಿಟರ್ (ಮನೆಮನೆಗೆ ಹೋಗಿ ತಾಯಿ-ಮಗುವಿನ ಆರೋಗ್ಯ ವಿಚಾರಿಸುವವರು), ಮನೆಗೆ ಬರುವ ನರ್ಸ್, ಲಸಿಕೆ, ಆಂಬುಲೆನ್ಸ್, ಮನೆಗೆಲಸಕ್ಕೆ ನೆರವು, ಇವೆಲ್ಲ 1946ರ ರಾಷ್ಟ್ರೀಯ ಆರೋಗ್ಯ ಸೇವಾ ಕಾಯ್ದೆಯ 22ರಿಂದ 29ನೇ ಸೆಕ್ಷನ್‌ಗಳಡಿ ಸ್ಥಳೀಯ ಆರೋಗ್ಯ ಪ್ರಾಧಿಕಾರದ ಪಾಲಿಗೆ ಬಂದವು. ಆ ಪ್ರಾಧಿಕಾರ ಅಂದರೆ ಕೌಂಟಿ (ನಮ್ಮ ಜಿಲ್ಲೆಯಂಥದ್ದು), ಇಲ್ಲವೇ ಕೌಂಟಿಯಷ್ಟೇ ಅಧಿಕಾರವಿದ್ದ ಪಟ್ಟಣ, ಅಂದರೆ ಕೌಂಟಿ ಬರೋ. ದಕ್ಷಿಣ ಕರಾವಳಿಯ ಈಸ್ಟ್‌ಬೋರ್ನ್, ಹೇಸ್ಟಿಂಗ್ಸ್ ಆಗ ಕೌಂಟಿ ಬರೋಗಳಾಗಿದ್ದವು. ಇಷ್ಟೂ ಅವುಗಳ ವರದಿಯಲ್ಲೇ ಇರುತ್ತದೆ. ಅದೇ ಕರಾವಳಿಯ ವರ್ದಿಂಗ್ ಆಗ ಬರೀ ಮುನಿಸಿಪಲ್ ಬರೋ, ಅಂದರೆ ಕೌಂಟಿಯ ಕೆಳಗಿನ ಪಟ್ಟಣ. ಅಲ್ಲಿ ಈ ಸೇವೆಗಳ ಹೊಣೆ ವೆಸ್ಟ್ ಸಸೆಕ್ಸ್ ಕೌಂಟಿಯದು; ಬರೋಗೆ ಉಳಿದದ್ದು ಮುಖ್ಯವಾಗಿ ಚರಂಡಿ, ವಸತಿ, ಆಹಾರ ತಪಾಸಣೆ, ಸಾಂಕ್ರಾಮಿಕ ರೋಗ. ಇಂಥ ಬರೋದ ವರದಿಯಲ್ಲಿ ಮಿಡ್‌ವೈಫ್‌ಗಳ ಲೆಕ್ಕ ಕಾಣದಿದ್ದರೆ ಊರಲ್ಲಿ ಮಿಡ್‌ವೈಫ್‌ಗಳೇ ಇರಲಿಲ್ಲ ಎಂದಲ್ಲ. ಕೆಲವು ಕೌಂಟಿಗಳಲ್ಲಿ ಬರೋದ ಅಧಿಕಾರಿಯೇ ಕೌಂಟಿಯ ವಿಭಾಗೀಯ ಅಧಿಕಾರಿಯೂ ಆಗಿರುತ್ತಿದ್ದರು. ಆಗ ಎರಡೂ ವರದಿ ತೆಗೆದು ಪಕ್ಕಪಕ್ಕ ಇಟ್ಟುಕೊಳ್ಳಬೇಕು.

ಇದೇ ಕಾರಣಕ್ಕೆ 1947 ಮತ್ತು 1949ರ ವರದಿಗಳನ್ನು ನೇರವಾಗಿ ಹೋಲಿಸುವುದಿಲ್ಲ. ಹಿಂದಿನದರಲ್ಲಿ ಐಸೊಲೇಷನ್ (ಸಾಂಕ್ರಾಮಿಕ ರೋಗಿಗಳ) ಆಸ್ಪತ್ರೆಯ ಹಾಸಿಗೆ, ದಾಖಲಾತಿ, ನರ್ಸ್‌ಗಳ ಲೆಕ್ಕ ಪುಟಗಟ್ಟಲೆ ಇದ್ದು, ಮುಂದಿನದರಲ್ಲಿ ಒಂದೇ ಸಾಲು ಉಳಿದಿರಬಹುದು. ಆಸ್ಪತ್ರೆ ಮುಚ್ಚಿತು ಎಂದು ಬರೆದುಬಿಡಬೇಡಿ, ಯಜಮಾನರು ಬದಲಾಗಿರುತ್ತಾರೆ ಅಷ್ಟೆ. ಮುಂದಿನ ಕಥೆ ಮ್ಯಾನೇಜ್‌ಮೆಂಟ್ ಕಮಿಟಿಯ ನಡಾವಳಿ ಪುಸ್ತಕಗಳಲ್ಲಿರುತ್ತದೆ. ಅವಕ್ಕೆ ಮೊದಲು ಆ ಕೌಂಟಿಯ ಹಳೆಯ ದಾಖಲೆಗಳನ್ನಿಡುವ ರೆಕಾರ್ಡ್ ಆಫೀಸಿನಲ್ಲಿ ವಿಚಾರಿಸಿ.

ಇನ್ನು ದರಗಳು. ಸಾವಿನ ದರ ಎರಡು ಸಾಲಿನಲ್ಲಿರುತ್ತದೆ: ಕಚ್ಚಾ ದರ ಒಂದು, ಕಂಪ್ಯಾರಬಿಲಿಟಿ ಫ್ಯಾಕ್ಟರ್‌ನಿಂದ ಗುಣಿಸಿದ್ದು ಇನ್ನೊಂದು. ಊರಿನ ವಯಸ್ಸು, ಲಿಂಗದ ಹಂಚಿಕೆ ನೋಡಿ ಜನನ ಮರಣಗಳ ಲೆಕ್ಕವಿಡುವ ರಿಜಿಸ್ಟ್ರಾರ್ ಜನರಲ್ ಕಚೇರಿ ಕೊಡುತ್ತಿದ್ದ ಅಂಶ ಅದು. ಲೆಕ್ಕಕ್ಕಾಗಿ ಒಂದು ಕಾಲ್ಪನಿಕ ಊರು: ಜನಸಂಖ್ಯೆ 62,000, ಸಾವು 744, ಸಾವಿರಕ್ಕೆ 12.0. ಅಂಶ 0.91 ಆದರೆ ದರ 10.9ಕ್ಕೆ ಇಳಿಯುತ್ತದೆ. ನಿವೃತ್ತರು ತುಂಬಿದ ಸಮುದ್ರ ತೀರದ ಊರನ್ನು ಗಿರಣಿ ಊರಿನ ಜೊತೆ ಕಚ್ಚಾ ದರದಲ್ಲಿ ಹೋಲಿಸಿದವರು ಸಮುದ್ರದ ಗಾಳಿಯನ್ನೇ ದೂರಬೇಕಾಗುತ್ತದೆ.

ಶಿಶು ಮರಣದಲ್ಲಿ ಅಪಾಯ ಇನ್ನೊಂದು ಥರದ್ದು. 800 ಜನನಕ್ಕೆ 20 ಶಿಶುಗಳು ತೀರಿಕೊಂಡರೆ ದರ ಸಾವಿರಕ್ಕೆ 25. ಮರುವರ್ಷ ಅಷ್ಟೇ ಜನನಕ್ಕೆ ಸಾವು 26 ಆದರೆ ದರ 32.5. ಏರಿದ್ದು ಆರು ಶಿಶುಗಳಷ್ಟೇ, ಆದರೆ ಗ್ರಾಫಿನಲ್ಲಿ ಬೆಟ್ಟ ಎದ್ದಂತೆ ಕಾಣುತ್ತದೆ. ನಾನು ಐದು ವರ್ಷದ ಸಾವುಗಳನ್ನೂ ಜನನಗಳನ್ನೂ ಬೇರೆಬೇರೆ ಕೂಡಿಸಿ ಆಮೇಲೆ ಭಾಗಿಸುತ್ತೇನೆ. ಐದು ದರಗಳ ಸರಾಸರಿ ತೆಗೆಯುವುದಿಲ್ಲ.

ಒಂದೇ ವರದಿಯಲ್ಲಿ ಜನನಕ್ಕೆ ಎರಡು ಮೊತ್ತ ಕಂಡರೆ ಗಾಬರಿ ಬೇಡ. ಹೆರಿಗೆಯಾದ 36 ಗಂಟೆಯೊಳಗೆ ಆರೋಗ್ಯಾಧಿಕಾರಿಗೆ ತಿಳಿಸಿದ್ದು ಒಂದು. ತಂದೆತಾಯಿ 42 ದಿನದೊಳಗೆ ರಿಜಿಸ್ಟ್ರಾರ್ ಬಳಿ ಬರೆಸಿದ್ದು ಇನ್ನೊಂದು. ರಿಜಿಸ್ಟ್ರಾರ್ ಲೆಕ್ಕದಲ್ಲಿ ಪಕ್ಕದೂರಿನ ಆಸ್ಪತ್ರೆಯಲ್ಲಿ ಹುಟ್ಟಿದ ಮಗುವನ್ನು ತಾಯಿಯ ಊರಿಗೆ ವರ್ಗಾಯಿಸಿರುತ್ತಾರೆ. ದರಕ್ಕೆ ಬಳಸಬೇಕಾದ್ದು ಅದನ್ನೇ. ಮಿಡ್‌ವೈಫ್‌ಗಳ ಕೆಲಸದ ಹೊರೆ ಅಳೆಯಲು ಮಾತ್ರ ಮೊದಲನೆಯದು.

ರೋಗದ ಪಟ್ಟಿಯಲ್ಲಿ 'ತಿಳಿಸಿದ್ದು', 'ತಿದ್ದಿದ ಮೇಲೆ' ಎಂದು ಎರಡು ಕಾಲಂ ಇದ್ದರೆ ಎರಡನೆಯದನ್ನು ತೆಗೆದುಕೊಳ್ಳಿ. ಗಂಟಲಮಾರಿ ಎಂದು ಆಸ್ಪತ್ರೆಗೆ ಸಾಗಿಸಿದ್ದು ಬರೀ ಟಾನ್ಸಿಲ್ ಬಾವು ಆಗಿರುತ್ತಿತ್ತು. ದಡಾರ ವರ್ಷ ಬಿಟ್ಟು ವರ್ಷ ಏರುತ್ತಿದ್ದ ಕಾಲ ಅದು, 1951ನ್ನು 1952ರೊಂದಿಗೆ ಇಟ್ಟು ನೋಡಿ 'ಇಳಿಯಿತು' ಎಂದರೆ ತಪ್ಪು. ಕ್ಷಯದ ಎಕ್ಸ್‌ರೇ ವ್ಯಾನು ಊರಿಗೆ ಬಂದ ವರ್ಷ ಹೊಸ ಪ್ರಕರಣ ಜಿಗಿಯಬಹುದು: ರೋಗ ಹೆಚ್ಚಿದ್ದಲ್ಲ, ಹುಡುಕಿದ್ದು ಹೆಚ್ಚು. ಅಲ್ಲಿ ಸಾವಿನ ಕಾಲಂ ಹೆಚ್ಚು ನಂಬಿಕೆಗೆ ಯೋಗ್ಯ. ಆದರೆ 1950ರಲ್ಲಿ ಸಾವಿನ ಕಾರಣಗಳ ವರ್ಗೀಕರಣವೇ ಬದಲಾಯಿತು. 36 ಶೀರ್ಷಿಕೆಗಳ ಹೊಸ ಪಟ್ಟಿಯನ್ನು ಹಳೆಯದರ ಮುಂದಕ್ಕೆ ಹಾಗೇ ಜೋಡಿಸಬಾರದು, ನಡುವೆ ಗೆರೆ ಎಳೆದುಕೊಳ್ಳಬೇಕು.

ಸ್ಕ್ಯಾನ್‌ನಿಂದ ಯಂತ್ರ ತೆಗೆದ ಪಠ್ಯವನ್ನು ಹೆಸರು ಹುಡುಕಲು ಮಾತ್ರ ಬಳಸಿ. ಕೋಷ್ಟಕಗಳಲ್ಲಿ 3 ಮತ್ತು 8 ಅದಲುಬದಲಾಗುತ್ತವೆ, ಕಾಲಂ ಒಂದು ಮನೆ ಪಕ್ಕಕ್ಕೆ ಸರಿಯುತ್ತದೆ. ಪುಟದ ಚಿತ್ರ ನೋಡಿ ಕೈಯಲ್ಲೇ ಟೈಪ್ ಮಾಡಿ, ಪ್ರತಿ ಕಾಲಂ ಕೂಡಿಸಿ, ಅಚ್ಚಾದ ಮೊತ್ತಕ್ಕೆ ತಾಳೆ ನೋಡಿ. ತಾಳೆಯಾಗದಿದ್ದರೆ ಮರುವರ್ಷದ ವರದಿ ತೆರೆಯಿರಿ; ಹಿಂದಿನ ವರ್ಷದ ಅಂಕಿಯನ್ನು ಅಲ್ಲಿ ತಿದ್ದಿ ಅಚ್ಚು ಹಾಕಿರುವುದುಂಟು.